ಯಜಮಾನ ಗಂಜ್‌ನಲ್ಲಿ, ಮನೆಗೆ ಅರ್ಧ ಕೆಜಿ ಬೇಳೆ: ರಾಯಚೂರಿನ ಒಂದು ಕುಟುಂಬದ ಲೆಕ್ಕ

ರಾಯಚೂರಿನ ಅಂಚಿನ ಬಡಾವಣೆಯೊಂದರಲ್ಲಿ ಬಾಡಿಗೆ ಮನೆ. ಗಂಡ, ಹೆಂಡತಿ, ಅತ್ತೆ, ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಗಂಡ, ಊರಿನ ಸಗಟು ದವಸದ ಮಾರುಕಟ್ಟೆಯಾದ ರಾಜೇಂದ್ರ ಗಂಜ್‌ನ ಅಡತಿ (ದಲ್ಲಾಳಿ) ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಗುಮಾಸ್ತ, ತಿಂಗಳಿಗೆ 19,000 ರೂ. ಸಂಬಳ. ಹೆಂಡತಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ, ಸರಾಸರಿ 3,500 ಬರುತ್ತದೆ. ಎಪಿಎಲ್ ಕಾರ್ಡು, ಹಾಗಾಗಿ ಅನ್ನಭಾಗ್ಯದ ಅಕ್ಕಿ ಇಲ್ಲ. ಅತ್ತೆಯ ಹೆಸರಿಗೆ ಗೃಹಲಕ್ಷ್ಮಿಯ 2,000 ಬರುತ್ತದೆ. ಬರುವ ತಾರೀಖು ಮಾತ್ರ ಗೊತ್ತಿಲ್ಲ, ಎರಡು ತಿಂಗಳದ್ದು ಒಟ್ಟಿಗೆ ಬಿದ್ದದ್ದೂ ಉಂಟು.

2025ರ ಮೇ ಕೊನೆಗೆ ಈ ಮನೆಯವರ ದೂರು ಇಷ್ಟೇ: ಎಲ್ಲದರ ರೇಟು ಏರಿದೆ, ಕಿರಾಣಿ ಉದ್ರಿ ತೀರುತ್ತಿಲ್ಲ. ಜನವರಿಯಲ್ಲಿ 5,500 ರೂ.ಗೆ ಮುಗಿಯುತ್ತಿದ್ದ ಕಿರಾಣಿ 7,400ಕ್ಕೆ ಹೋಗಿತ್ತು. ಅಂಗಡಿಯ ಪುಸ್ತಕದಲ್ಲಿ 6,200 ರೂ. ಬಾಕಿ ನಿಂತಿತ್ತು.

ಏರಿದ್ದು ಎಷ್ಟು?

ರೇಟು ಏರಿದ್ದು ನಿಜ. 2025ರ ಜನವರಿ 5ರಿಂದ ಬಸ್ ಟಿಕೆಟ್ ಶೇ. 15ರಷ್ಟು ಹೆಚ್ಚಿತು. ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂ. ಜಾಸ್ತಿಯಾಯಿತು. ಅದೇ ದಿನ ಡೀಸೆಲ್ ಮೇಲಿನ ರಾಜ್ಯದ ಮಾರಾಟ ತೆರಿಗೆ ಏರಿ ಲೀಟರಿಗೆ 2 ರೂ. ಕೂಡಿತು, ಒಂದು ವಾರದೊಳಗೆ ಸಿಲಿಂಡರ್‌ಗೆ 50 ರೂ. ಏರಿತು. ಪೆಟ್ರೋಲ್ 2024ರ ಜೂನ್‌ನಲ್ಲೇ 3 ರೂ. ಏರಿ ಅಲ್ಲೇ ಕೂತಿತ್ತು.

ಈ ಮನೆಗೆ ಹಚ್ಚಿ ನೋಡಿದರೆ ದಿನಕ್ಕೆ ಒಂದೂವರೆ ಲೀಟರ್ ಹಾಲಿಗೆ ತಿಂಗಳಿಗೆ 180 ರೂ. ಹೆಚ್ಚಾಯಿತು, ಗ್ಯಾಸ್‌ಗೆ 50ರ ಮೇಲೆ ಸ್ವಲ್ಪ. ಡೀಸೆಲ್ ಏರಿಕೆ ತರಕಾರಿಯ ರೇಟಿನೊಳಗೆ ಕರಗಿ ಬಂದಿರುತ್ತದೆ, ಅದನ್ನು ಬಿಡಿಸಿ ತೆಗೆಯಲು ಬರುವುದಿಲ್ಲ. ನೇರವಾಗಿ ಕಣ್ಣಿಗೆ ಕಾಣುವ ಏರಿಕೆ 250 ರೂ. ಒಳಗೇ ಇತ್ತು. ಆದರೆ ಕಿರಾಣಿ ಏರಿದ್ದು 1,900. ಹಾಲು, ಗ್ಯಾಸ್ ಎರಡೂ ಕಿರಾಣಿ ಪುಸ್ತಕದಲ್ಲಿ ಇರುವ ಸಾಮಾನೇ ಅಲ್ಲ. ಹಾಗಾದರೆ ಈ 1,900 ಎಲ್ಲಿಂದ ಬಂತು?

ಅದಕ್ಕೆ ಉತ್ತರ ಅಂಗಡಿಯ ಉದ್ರಿ ಪುಸ್ತಕದಲ್ಲೇ ಇತ್ತು. ಅಂಗೈಯಗಲದ, ಕೆಂಪು ರಟ್ಟಿನ ಪುಸ್ತಕ. ಮೇ ತಿಂಗಳ ಹಾಳೆಯಲ್ಲಿ 61 ಸಾಲು: «ಬ್ಯಾಳಿ ½, ಎಣ್ಣಿ 1, ಚಾಪುಡಿ 1, ಶಾಂಪು 4, ಸಕ್ರಿ 1, ಚಿಪ್ಸ್ 2, ಜೋಳದ ಹಿಟ್ಟು 2, ಅಕ್ಕಿ 5, ಚಿಪ್ಸ್ 2, ಥಂಡಾ 1...» ದಿನಕ್ಕೆ ಎರಡು ಸಾಲು ಬಿದ್ದಿವೆ. ಜನವರಿಯಲ್ಲಿ ಇದೇ ಮನೆಗೆ ಇದೇ ಅಂಗಡಿಯಲ್ಲಿ 9 ಸಾಲು ಇದ್ದವು.

ಫೆಬ್ರವರಿಯಲ್ಲಿ ಹತ್ತಿರದ ಸಂಬಂಧಿಕರ ಮನೆಯ ಮದುವೆ ಬಂತು. ಮುಯ್ಯಿ, ಬಟ್ಟೆ, ಹೋಗಿಬರುವ ಖರ್ಚು ಸೇರಿ 12,000 ರೂ. ಕೈಯಿಂದ ಹೋಯಿತು. ಅಲ್ಲಿಯವರೆಗೆ ಸಂಬಳದ ದಿನ ಗಂಡ ಗಂಜ್‌ನಿಂದಲೇ ತಿಂಗಳ ಸಾಮಾನು ತರುತ್ತಿದ್ದರು. ಮಾರ್ಚ್‌ನಿಂದ ಆ ರೊಕ್ಕ ಕೈಯಲ್ಲಿ ಇರಲಿಲ್ಲ. ದಿನವಿಡೀ ಮೂಟೆ ಬೇಳೆಯ ಲೆಕ್ಕ ಬರೆಯುವವರ ಮನೆಗೆ ಸಂಜೆ ಅರ್ಧ ಕೆಜಿ ಬೇಳೆ ಉದ್ರಿ ಬರತೊಡಗಿತು. ಅದರ ಮೇಲೆ ಏಪ್ರಿಲ್‌ನ ಏರಿಕೆ ಬಂದು ಕೂತಿತು. ಈ ಕ್ರಮವನ್ನು ಗಮನಿಸಬೇಕು. ಬೆಲೆ ಏರಿಕೆ ಎಲ್ಲರ ಮನೆಗೂ ಒಂದೇ, ಆದರೆ ಕೈಯಲ್ಲಿ ಒಂದು ತಿಂಗಳ ಸಾಮಾನಿನ ರೊಕ್ಕ ಇಲ್ಲದ ಮನೆಗೆ ಅದು ಎರಡು ಪಟ್ಟು ತಾಗುತ್ತದೆ.

1,900 ರೂ. ಬಿಡಿಸಿದಾಗ

ಹದಿನೈದು ದಿನ ಮನೆಯಲ್ಲಿ ಒಂದು ನೋಟ್‌ಬುಕ್ ಇಟ್ಟು, ತಂದ ಪ್ರತಿ ವಸ್ತುವಿನ ತೂಕ ಮತ್ತು ಬೆಲೆ ಬರೆಯಲಾಯಿತು. ಬರೀ ರೂಪಾಯಿ ಬರೆದರೆ ಏನೂ ತಿಳಿಯುವುದಿಲ್ಲ, ತೂಕ ಬೇಕೇ ಬೇಕು. ಆಮೇಲೆ ಪ್ರತಿಯೊಂದನ್ನೂ ಕೆಜಿ ಲೆಕ್ಕಕ್ಕೆ ತಂದು ಗಂಜ್‌ನ ದರದ ಪಕ್ಕದಲ್ಲಿ ಇಡಲಾಯಿತು. ಈ ಮನೆಯವರು ಆಗ ಕೊಟ್ಟ ದರಗಳು ಹೀಗಿವೆ.

ಸೋನಾ ಮಸೂರಿ ಅಕ್ಕಿ ಐದೈದು ಕೆಜಿ ತಂದಾಗ ಕೆಜಿಗೆ 62. ಗಂಜ್‌ನಲ್ಲಿ 26 ಕೆಜಿ ಚೀಲಕ್ಕೆ 1,350, ಅಂದರೆ ಕೆಜಿಗೆ 52. (ಚೀಲ 25ರ ಬದಲು 26 ಕೆಜಿ ಇರುವುದಕ್ಕೆ ಕಾರಣವಿದೆ. 2022ರ ಜುಲೈ 18ರಿಂದ 25 ಕೆಜಿವರೆಗಿನ, ಲೇಬಲ್ ಇರುವ ಅಕ್ಕಿ-ಬೇಳೆ ಪ್ಯಾಕೆಟ್‌ಗೆ ಶೇ. 5 ಜಿಎಸ್‌ಟಿ ಬಂತು. ಒಂದು ಕೆಜಿ ಹೆಚ್ಚು ತುಂಬಿದರೆ ಆ ತೆರಿಗೆ ಇಲ್ಲ.) ತಿಂಗಳಿಗೆ 22 ಕೆಜಿ ಬೇಕು, ವ್ಯತ್ಯಾಸ ಸುಮಾರು 220 ರೂ.

ಜೋಳದ ಹಿಟ್ಟು ಪ್ಯಾಕೆಟ್‌ನಲ್ಲಿ ಕೆಜಿಗೆ 60. ಕಾಳು ತಂದು ಗಿರಣಿಯಲ್ಲಿ ಬೀಸಿಸಿದರೆ 38 ಮತ್ತು 6, ಒಟ್ಟು 44. ತಿಂಗಳಿಗೆ 12 ಕೆಜಿಗೆ 190 ರೂ. ವ್ಯತ್ಯಾಸ. ತೊಗರಿಬೇಳೆ ಅರ್ಧ ಕೆಜಿಗೆ 70, ಅಂದರೆ ಕೆಜಿಗೆ 140. ಐದು ಕೆಜಿ ಒಟ್ಟಿಗೆ ತಂದರೆ 118. ನಾಲ್ಕು ಕೆಜಿಗೆ 88 ರೂ. ಚಹಾಪುಡಿ 100 ಗ್ರಾಂ ಪ್ಯಾಕೆಟ್‌ಗೂ ಅರ್ಧ ಕೆಜಿ ಪ್ಯಾಕೆಟ್‌ಗೂ ತಿಂಗಳಿಗೆ 67 ರೂ. ಅಂತರ. ಸೂರ್ಯಕಾಂತಿ ಎಣ್ಣೆ ಲೀಟರಿಗೆ 155ರ ಬದಲು 146, ಐದು ಲೀಟರಿಗೆ 45 ರೂ. ಸಕ್ಕರೆಗೆ 16. ಎಲ್ಲ ಕೂಡಿದರೆ 630ರ ಹತ್ತಿರ.

ಎಣ್ಣೆಯಲ್ಲಿ ಇನ್ನೊಂದು ಮೋಸ ಹೋಗುವ ಜಾಗವಿದೆ. ಒಂದು ಲೀಟರ್ ಎಣ್ಣೆ ಅಂದರೆ ಸುಮಾರು 910 ಗ್ರಾಂ. ಪಕ್ಕದಲ್ಲೇ ಅದೇ ಎತ್ತರದ 850 ಗ್ರಾಂ ಪಾಕೀಟು ಇರುತ್ತದೆ. 145 ರೂ.ಗೆ ಅದು ಅಗ್ಗ ಅನ್ನಿಸುತ್ತದೆ, ಆದರೆ 910 ಗ್ರಾಂ ಲೆಕ್ಕಕ್ಕೆ 155 ಬೀಳುತ್ತದೆ. ಪ್ಯಾಕೆಟ್‌ನ ಮೇಲೆ ಎಂಆರ್‌ಪಿಯ ಹತ್ತಿರ ಸಣ್ಣ ಅಕ್ಷರದಲ್ಲಿ ಗ್ರಾಂಗೆ ಅಥವಾ ಮಿಲಿಲೀಟರಿಗೆ ಎಷ್ಟು ಎಂದು ಛಾಪಿಸಿರುತ್ತಾರೆ. ನೋಡಬೇಕಾದ್ದು ಆ ಅಂಕಿಯನ್ನು.

ಉಳಿದದ್ದರಲ್ಲಿ 900 ರೂ. ಮಕ್ಕಳ ಚಿಪ್ಸ್, ಬಿಸ್ಕತ್ತು, ತಂಪು ಪಾನೀಯ. ಬೇಸಿಗೆ ರಜೆ, ರಾಯಚೂರಿನ ಬಿಸಿಲು, ಮನೆಯಲ್ಲೇ ಮಕ್ಕಳು. «ಕಾಕಾ, ಲೆಕ್ಕಕ್ಕ ಬರ್ಕೋರಿ» ಅಂದರೆ ಸಾಕು, ಕೈಗೆ ಪಾಕೀಟು ಸಿಗುತ್ತದೆ. ರೊಕ್ಕ ಕೊಟ್ಟು ತರುವ ಕಾಲಕ್ಕೆ ಇದೇ ಮಕ್ಕಳು ಕೇಳಿ ಹೋಗುತ್ತಿದ್ದರು. ಇನ್ನು 370 ರೂ. ಎರಡು ಪುಸ್ತಕಕ್ಕೂ ತಾಳೆಯಾಗಲಿಲ್ಲ. ಕೆಲವು ಎರಡು ಸಲ ಬರೆದದ್ದು, ಕೆಲವು ಯಾರು ತಂದರೆಂದೇ ನೆನಪಿಲ್ಲದ್ದು. ಅಂಗಡಿಯವರದೇ ತಪ್ಪು ಎನ್ನಲಾಗದು. ದಿನಕ್ಕೆ ಎರಡು ಸಾಲು ಬೀಳುವ ಪುಸ್ತಕ ಯಾರ ಕೈಯಲ್ಲಿದ್ದರೂ ತಪ್ಪುತ್ತದೆ.

ಮೊದಲ ಪ್ರಯತ್ನ ಕೆಟ್ಟದ್ದು ಯಾಕೆ

ಜೂನ್‌ನಲ್ಲಿ ಸಂಬಳದ ಜತೆಗೆ ಗೃಹಲಕ್ಷ್ಮಿಯ ಎರಡು ಕಂತು, 4,000 ರೂ. ಒಟ್ಟಿಗೆ ಬಂತು. 2,000 ಅಂಗಡಿಯ ಬಾಕಿಗೆ ಕಟ್ಟಿ, ಉಳಿದ 2,000ಕ್ಕೆ ಸಂಬಳದ ರೊಕ್ಕ ಕೂಡಿಸಿ ಒಂದೇ ಸಲಕ್ಕೆ ಅಕ್ಕಿ ಚೀಲ, ಹತ್ತು ಕೆಜಿ ಬೇಳೆ, 15 ಕೆಜಿ ಎಣ್ಣೆ ಡಬ್ಬ ತಂದರು. ಹನ್ನೆರಡನೇ ತಾರೀಖಿಗೆ ಕೈ ಖಾಲಿ. ಹಿಟ್ಟು, ಸಕ್ಕರೆ, ಸೋಪಿಗೆ ಮತ್ತೆ ಉದ್ರಿ.

ಎಣ್ಣೆಗೇ ಸುಮಾರು 2,400 ರೂ. ಸಿಕ್ಕಿಕೊಂಡಿತ್ತು. ಡಬ್ಬ ತುಂಬಿದ್ದಾಗ ಕೈ ಧಾರಾಳವಾಗುತ್ತದೆ: ತಿಂಗಳಿಗೆ ಐದು ಲೀಟರ್ ಸಾಕಾಗುತ್ತಿದ್ದ ಮನೆಯಲ್ಲಿ ಆರೂವರೆ ಲೀಟರ್ ಹೋಯಿತು. ಲೀಟರಿಗೆ ಉಳಿಸಿದ 9 ರೂಪಾಯಿಗೆ ಒಂದೂವರೆ ಲೀಟರ್ ಹೆಚ್ಚು ಎಣ್ಣೆ ಕೊಟ್ಟಂತಾಯಿತು. ಬೇಳೆಗೆ ಜುಲೈ ಮಳೆಯಲ್ಲಿ ಹುಳ ಬಿದ್ದು ಎರಡು ಕೆಜಿ ಹಾಳು. ತೊಳೆದ ಡಬ್ಬಿಯನ್ನು ಒರೆಸಿ, ಬಿಸಿಲಿಗಿಡದೆ ತುಂಬಿದ್ದೇ ಕಾರಣ.

ಎರಡನೇ ಸಲ ಲೆಕ್ಕ ಬೇರೆ ರೀತಿಯಲ್ಲಿ ಮಾಡಲಾಯಿತು. ಯಾವ ವಸ್ತುವಿಗೆ ಒಂದು ರೂಪಾಯಿ ಕಟ್ಟಿಹಾಕಿದರೆ ಎಷ್ಟು ಉಳಿಯುತ್ತದೆ? ಜೋಳಕ್ಕೆ 44 ರೂ. ಹಾಕಿದರೆ 16 ಉಳಿಯುತ್ತದೆ, ಶೇ. 36. ಚಹಾಪುಡಿಗೆ ಶೇ. 20ರ ಮೇಲೆ, ಅಕ್ಕಿ ಬೇಳೆಗೆ ಶೇ. 19ರ ಹತ್ತಿರ. ಸಕ್ಕರೆಗೆ ಶೇ. 9. ಎಣ್ಣೆಗೆ ಬರೀ ಶೇ. 6. ರೇಟು ಏರಿತೆಂದರೆ ಎಲ್ಲರ ಮನಸ್ಸೂ ಮೊದಲು ಹೋಗುವುದು ಎಣ್ಣೆ ಡಬ್ಬಕ್ಕೆ, ಪಟ್ಟಿಯಲ್ಲಿ ಅದು ಕಟ್ಟಕಡೆಯದು. ನಮ್ಮ ಅನುಭವದಲ್ಲಿ ಹೆಚ್ಚಿನ ಮನೆಗಳು ಎಡವುವುದು ಇಲ್ಲೇ.

ಆದ್ದರಿಂದ ಜುಲೈನಲ್ಲಿ ಜೋಳ ಮತ್ತು ಚಹಾಪುಡಿ, ಆಗಸ್ಟ್‌ನಲ್ಲಿ ಅಕ್ಕಿ ಚೀಲ, ಸೆಪ್ಟೆಂಬರ್‌ನಲ್ಲಿ ಬೇಳೆ ಎಂದು ತಿಂಗಳಿಗೊಂದನ್ನು ಉದ್ರಿಯಿಂದ ರೊಕ್ಕಕ್ಕೆ ತರಲಾಯಿತು. ಹಿಂದಿನ ತಿಂಗಳ ಉಳಿತಾಯವೇ ಮುಂದಿನದಕ್ಕೆ ಬಂಡವಾಳ. ಎಣ್ಣೆ ಲೀಟರ್ ಪಾಕೀಟಿನಲ್ಲೇ ಬರುತ್ತದೆ, ವಾರಕ್ಕೊಂದು. ಭಾನುವಾರ ಒಡೆದದ್ದು ಶನಿವಾರದವರೆಗೆ ಬರಬೇಕು. ಬಂದಿದೆ, ತಿಂಗಳಿಗೆ ನಾಲ್ಕು ಲೀಟರ್‌ಗೆ ನಿಂತಿದೆ. ಅಂಗಡಿಯ ಬಾಕಿ 4,200 ರೂ.ಯನ್ನು ಜುಲೈನಿಂದ ಮೂರು ತಿಂಗಳು 1,400ರಂತೆ ಕಟ್ಟಿದರು. ಚೀಟಿ ಮತ್ತು ಸಂಘದ ಉಳಿತಾಯಕ್ಕೆ ಹೋಗುತ್ತಿದ್ದ 1,500ನ್ನು ಸಂಘದವರಿಗೆ ಹೇಳಿ ಆ ಮೂರು ತಿಂಗಳು ಕಡಿಮೆ ಮಾಡಿಕೊಂಡರು. ಹೊಸ ಉದ್ರಿ ಬರೆಸದೆ ಹಳೆಯದನ್ನು ತೀರಿಸುತ್ತೇವೆಂದು ಮೊದಲೇ ಬಾಯಿಬಿಟ್ಟು ಹೇಳಿದ್ದರಿಂದ ಅಂಗಡಿಯವರೂ ಬೇಸರ ಮಾಡಿಕೊಳ್ಳಲಿಲ್ಲ.

ಕಾಳು ಕಾಪಾಡುವುದು

ಜೋಳವನ್ನು ಹೆಚ್ಚು ತರಬಹುದು, ಹಿಟ್ಟನ್ನು ಹೆಚ್ಚು ಬೀಸಿಸಬಾರದು. ಹತ್ತು ದಿನಕ್ಕೆ ನಾಲ್ಕು ಕೆಜಿ ಸಾಕು. ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ಬಡಿಯುವಾಗ ರೊಟ್ಟಿಯ ಅಂಚು ಹರಿಯುತ್ತದೆ, ಆಮೇಲೆ ಕಹಿ ಬರುತ್ತದೆ. ಹರಿದ ರೊಟ್ಟಿ ಕಂಡ ಕೂಡಲೇ «ಈ ಜ್ವಾಳ ಚಲೋ ಇಲ್ಲ» ಎಂದು ಮತ್ತೆ ಪ್ಯಾಕೆಟ್ ಹಿಟ್ಟಿಗೆ ಹೋಗುವವರಿದ್ದಾರೆ. ತಪ್ಪು ಜೋಳದ್ದಲ್ಲ. ಕಾಳನ್ನು ಎರಡು ದಿನ ಒಳ್ಳೆ ಬಿಸಿಲಿಗೆ ಹರಡಿ, ಪೂರ್ತಿ ಆರಿದ ಮೇಲೆ, ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪು ಹಾಕಿ ಡಬ್ಬಿಗೆ ತುಂಬಬೇಕು. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ಬೆವರಿ ಮುಗ್ಗುಲು ಹಿಡಿಯುತ್ತದೆ.

ಬೇಳೆಗೂ ಬಿಸಿಲು ತೋರಿಸಿ, ಆರಿಸಿ, ಕೆಜಿಗೆ ಒಂದು ಚಹಾ ಚಮಚ ಹರಳೆಣ್ಣೆ ಹಚ್ಚಿ ಕೈಯಲ್ಲಿ ಉಜ್ಜಬೇಕು. ಪ್ರತಿ ಬೇಳೆಗೂ ಮಿಂಚು ಬರುವಷ್ಟು, ಅಂಟುವಷ್ಟಲ್ಲ. ಅಡುಗೆಗೆ ಮುಂಚೆ ಬಿಸಿನೀರಿನಲ್ಲಿ ತೊಳೆದರೆ ಹೋಗುತ್ತದೆ. ಅಕ್ಕಿಯನ್ನು ಮಾತ್ರ ಸುಡುಬಿಸಿಲಿಗೆ ಹಾಕಬಾರದು, ಕಾಳು ಒಳಗೇ ಬಿರುಕು ಬಿಟ್ಟು ಅನ್ನ ನುಚ್ಚಾಗುತ್ತದೆ. ನೆರಳಿನ ಗಾಳಿ ಸಾಕು.

ಮಕ್ಕಳ ಪಾಕೀಟಿನ ಜಾಗಕ್ಕೆ ಮಂಡಾಳ (ಮಂಡಕ್ಕಿ), ಪುಟಾಣಿ (ಹುರಿಗಡಲೆ), ಹುರಿದ ಶೇಂಗಾ ಬಂತು. ಸಂಜೆ ಮಂಡಾಳ ಒಗ್ಗರಣಿ ಮಾಡಿದ ದಿನ ಅಂಗಡಿ ನೆನಪಾಗುವುದಿಲ್ಲ ಎಂದು ತಾಯಿ ಹೇಳುತ್ತಾರೆ. ಪೂರ್ತಿ ನಿಲ್ಲಿಸಲಿಲ್ಲ, 300 ರೂ. ಇಟ್ಟಿದ್ದಾರೆ, ಅದು ಸರಿ. ಮೇನಲ್ಲಿ ಖರ್ಚು ಕಡಿಮೆ ಮಾಡಬೇಕೆಂದು ಈ ಮನೆ ಮೊದಲು ಕೈ ಹಾಕಿದ್ದು ಮಕ್ಕಳ ಹಾಲಿಗೆ. ದೊಡ್ಡವರ ನಾಲ್ಕು ಹೊತ್ತಿನ ಚಹಾ ಹಾಗೇ ಇತ್ತು, ಮಕ್ಕಳ ಲೋಟ ಅರ್ಧವಾಗಿತ್ತು. ಇಂಥ ಹೊತ್ತಲ್ಲಿ ಹಾಲು, ಬೇಳೆ, ಮೊಟ್ಟೆಗೆ ಕೈ ಹಚ್ಚಬಾರದು. ಹಾಲನ್ನು ಒಂದೂವರೆ ಲೀಟರ್‌ಗೇ ಇಟ್ಟು ಚಹಾವನ್ನು ಎರಡು ಹೊತ್ತಿಗೆ ಇಳಿಸಲಾಯಿತು.

ಗ್ಯಾಸ್: 26 ದಿನದಿಂದ 36 ದಿನ

ಸಿಲಿಂಡರ್‌ಗೆ ಆಗ 880 ರೂ. 26 ದಿನಕ್ಕೆ ಖಾಲಿಯಾದರೆ ತಿಂಗಳಿಗೆ 1,015 ಬೀಳುತ್ತದೆ. ಮೊದಲು ತೂಕ. ಸಿಲಿಂಡರ್‌ನ ಮೇಲ್ಭಾಗದ ಪಟ್ಟಿಯಲ್ಲಿ ಖಾಲಿ ತೂಕ ಬರೆದಿರುತ್ತದೆ, 15.3 ಎಂದಿದ್ದರೆ ಅದಕ್ಕೆ 14.2 ಕೂಡಿಸಿ 29.5 ಕೆಜಿ ಬರಬೇಕು. ತರುವವರಿಂದ ಎದುರಿಗೇ ತೂಗಿಸಿಕೊಳ್ಳುವುದು ಗ್ರಾಹಕರ ಹಕ್ಕು. ಇಲ್ಲಿ ತೂಕ ಸರಿಯಾಗಿತ್ತು, ಗ್ಯಾಸ್ ಪೋಲಾಗುತ್ತಿದ್ದದ್ದು ಒಲೆಯ ಉರಿಯಲ್ಲಿ: ಉರಿ ಹಳದಿ, ಪಾತ್ರೆಯ ತಳ ಕಪ್ಪು. ಬರ್ನರ್ ತೆಗೆದು ಸೋಡಾ ಹಾಕಿದ ಬಿಸಿನೀರಲ್ಲಿ ನೆನೆಸಿ, ತೂತುಗಳನ್ನು ಸೂಜಿಯಿಂದ ಬಿಡಿಸಿ, ಒಣಗಿಸಿ ಕೂರಿಸಿದ ಮೇಲೆ ಉರಿ ನೀಲಿಗೆ ತಿರುಗಿತು. ಬೇಳೆಯನ್ನು ಅರ್ಧ ಗಂಟೆ ನೆನೆಸುವುದು, ಕುಕ್ಕರ್‌ನಲ್ಲಿ ಬೇಳೆಯ ಮೇಲೆ ಅಕ್ಕಿಯ ಡಬ್ಬಿ ಇಟ್ಟು ಎರಡನ್ನೂ ಒಂದೇ ಸಲ ಮಾಡುವುದು, ಮೊದಲ ಸೀಟಿಯ ನಂತರ ಉರಿ ಸಣ್ಣ ಮಾಡುವುದು. ರೊಟ್ಟಿಯನ್ನು ದಿನಾ ಬಡಿಯುವ ಬದಲು ವಾರಕ್ಕೆ ಎರಡು ದಿನ ಕಡಕ್ ರೊಟ್ಟಿ ಒಟ್ಟಿಗೆ ಮಾಡಿದರೆ ಹಂಚು ಕಾಯಿಸುವ ಗ್ಯಾಸ್ ಉಳಿಯುತ್ತದೆ. ಅತ್ತೆಗೆ ಕಡಕ್ ಅಗಿಯಲಾಗದು, ಅವರಿಗೆ ಎರಡು ಮೆತ್ತನೆಯ ರೊಟ್ಟಿ ದಿನಾ ಆಗುತ್ತದೆ.

ಚಳಿಗಾಲದ ಸ್ನಾನದ ನೀರಿನ ಬಗ್ಗೆ ಎಚ್ಚರ ಬೇಕು. 15 ಲೀಟರ್ ಬಕೆಟ್ ನೀರಿಗೆ 20 ಡಿಗ್ರಿ ಬಿಸಿ ಏರಿಸಲು ಸುಮಾರು 45 ಗ್ರಾಂ ಗ್ಯಾಸ್ ಬೇಕು. ಐದು ಜನಕ್ಕೆ ದಿನಾ ಕಾಯಿಸಿದರೆ ತಿಂಗಳಿಗೆ ಆರೂಮುಕ್ಕಾಲು ಕೆಜಿ, ಅರ್ಧ ಸಿಲಿಂಡರ್ ಹತ್ತಿರ. ಈ ಮನೆಯಲ್ಲಿ ಈಗ ಅತ್ತೆಗೆ ಮಾತ್ರ ನೀರು ಕಾಯುತ್ತದೆ. ಉಳಿದವರು ಸಂಜೆ ನಾಲ್ಕರ ಹೊತ್ತಿಗೆ, ಮಾಳಿಗೆಯ ಕಪ್ಪು ಟ್ಯಾಂಕಿನ ನೀರು ಬೆಚ್ಚಗಿರುವಾಗ ಮೀಯುತ್ತಾರೆ.

ಇಂಡಕ್ಷನ್ ಒಲೆ ತರೋಣವೆಂಬ ಮಾತು ಬಂದಿತ್ತು, ಕರೆಂಟು ಪುಕ್ಕಟೆ ಅಲ್ಲವೇ ಎಂದು. ಗೃಹಜ್ಯೋತಿಯಲ್ಲಿ ಎಲ್ಲರಿಗೂ 200 ಯೂನಿಟ್ ಪುಕ್ಕಟೆ ಇಲ್ಲ. ಸಾಮಾನ್ಯವಾಗಿ 2022–23ರ ತಮ್ಮ ಸರಾಸರಿಯ ಮೇಲೆ ಶೇ. 10 ಕೂಡಿಸಿದಷ್ಟು ಮಾತ್ರ. ಈ ಮನೆಗೆ 101 ಯೂನಿಟ್. ಮೀರಿದ್ದಕ್ಕೆ ಬಿಲ್ಲು, 200 ದಾಟಿದರೆ ಪೂರ್ತಿ ಬಿಲ್ಲು. ಒಂದು ಸಿಲಿಂಡರ್‌ನ ಅಡುಗೆಗೆ ಇಂಡಕ್ಷನ್‌ನಲ್ಲಿ ಸುಮಾರು 140 ಯೂನಿಟ್ ಬೇಕು. ರೊಕ್ಕ ಕೊಟ್ಟು ಸುಟ್ಟರೆ ಸಿಲಿಂಡರ್‌ಗಿಂತ ಅಗ್ಗವೇನೂ ಆಗದು. ಮಳೆಗಾಲದಲ್ಲಿ ಬಳಕೆ 80ಕ್ಕೆ ಇಳಿದಾಗ ಉಳಿಯುವ 21 ಯೂನಿಟ್‌ನಿಂದ ಸಿಗುವ ಲಾಭ ತಿಂಗಳಿಗೆ ಹೆಚ್ಚೆಂದರೆ 130 ರೂ. ಬೇಸಿಗೆಯಲ್ಲಿ ಕೂಲರ್ ಓಡುವಾಗ ಅದೂ ಇಲ್ಲ. ಒಲೆ ತರಲಿಲ್ಲ.

ಬೈಕು

ಮನೆಯಿಂದ ಗಂಜ್‌ಗೆ ನಾಲ್ಕು ಕಿಲೋಮೀಟರ್. ಮಧ್ಯಾಹ್ನ ಊಟಕ್ಕೆ ಬಂದು ಹೋಗುವುದರಿಂದ ದಿನಕ್ಕೆ 16, 26 ದಿನಕ್ಕೆ 416, ಬೇರೆ ಓಡಾಟ 150. ಟ್ಯಾಂಕ್ ಪೂರ್ತಿ ತುಂಬಿಸಿ, ಮೀಟರ್ ಬರೆದಿಟ್ಟು, ಮತ್ತೆ ಪೂರ್ತಿ ತುಂಬಿಸಿ ನೋಡಿದಾಗ ಲೀಟರಿಗೆ 42 ಕಿ.ಮೀ. ಅಂದರೆ ಹದಿಮೂರೂವರೆ ಲೀಟರ್, 103ರ ದರಕ್ಕೆ 1,390 ರೂ. ನೂರು ರೂಪಾಯಿಯಂತೆ ಹಾಕಿಸುತ್ತಿದ್ದುದರಿಂದ ಇದು ಯಾರಿಗೂ ಗೊತ್ತೇ ಇರಲಿಲ್ಲ.

ಡಬ್ಬಿ ಕಟ್ಟಿಕೊಂಡು ಹೋಗಲಾರಂಭಿಸಿದ ಮೇಲೆ 208 ಕಿ.ಮೀ. ಉಳಿಯಿತು. ಧೂಳು ಕಟ್ಟಿದ ಏರ್ ಫಿಲ್ಟರ್ ಬದಲಿಸಿ, ಚೈನ್ ಸಡಿಲ ಸರಿಮಾಡಿ ಎಣ್ಣೆ ಹಾಕಿ, ಬಿಗಿಯಾಗಿ ಹಿಡಿಯುತ್ತಿದ್ದ ಹಿಂದಿನ ಬ್ರೇಕ್ ಬಿಡಿಸಲಾಯಿತು. ಖರ್ಚು 350. ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಟೈರ್ ತಣ್ಣಗಿರುವಾಗ, ಬೈಕಿನ ಸ್ಟಿಕರ್‌ನಲ್ಲಿ ಬರೆದಷ್ಟೇ ಹಾಕಿಸುತ್ತಾರೆ. ಈಗ 52 ಕೊಡುತ್ತದೆ. ನವೆಂಬರ್‌ನಲ್ಲಿ ಓಡಿದ 340 ಕಿ.ಮೀ.ಗೆ ಆರೂವರೆ ಲೀಟರ್, 675 ರೂ. ಇಡೀ ಪ್ರಕರಣದಲ್ಲಿ ಒಂದೇ ಏಟಿಗೆ ಸಿಕ್ಕ ದೊಡ್ಡ ಉಳಿತಾಯ ಇದು. ಅದರಲ್ಲಿ ಹೆಚ್ಚಿನ ಪಾಲು ಊಟದ ಡಬ್ಬಿಯದು.

ನವೆಂಬರ್ ಲೆಕ್ಕ

ಮೇನಲ್ಲಿ ಒಟ್ಟು ಖರ್ಚು 25,175: ಬಾಡಿಗೆ 5,000, ಶಾಲೆ 2,200, ಕಿರಾಣಿ 7,400, ಹಾಲು 2,070, ತರಕಾರಿ-ಮೊಟ್ಟೆ-ಮಾಂಸ 2,600, ಗ್ಯಾಸ್ 1,015, ಪೆಟ್ರೋಲ್ 1,390, ಕರೆಂಟು-ನೀರು-ಮೊಬೈಲ್ 900, ಅತ್ತೆಯ ಔಷಧಿ 1,100, ಚೀಟಿ ಮತ್ತು ಸಂಘ 1,500. ನವೆಂಬರ್‌ನಲ್ಲಿ ಕಿರಾಣಿ 5,600, ಗ್ಯಾಸ್ 733, ಪೆಟ್ರೋಲ್ 675, ತರಕಾರಿ 2,350, ಕರೆಂಟು-ನೀರು-ಮೊಬೈಲ್ 520. ಒಟ್ಟು 21,748. ಗೃಹಲಕ್ಷ್ಮಿ ಬಿಟ್ಟು ಆದಾಯ 22,500.

ಇದರಲ್ಲಿ ಎಲ್ಲವೂ ಮನೆಯವರ ದುಡಿಮೆಯಲ್ಲ. ಕರೆಂಟಿನ 380 ರೂ. ಕೂಲರ್ ನಿಂತಿದ್ದರಿಂದ ಉಳಿದದ್ದು, ಏಪ್ರಿಲ್‌ಗೆ ಮರಳಿ ಬರುತ್ತದೆ. ಸೆಪ್ಟೆಂಬರ್ 22ರಿಂದ ಸೋಪು, ಶಾಂಪೂ, ಟೂತ್‌ಪೇಸ್ಟ್ ಮೇಲಿನ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದದ್ದರಿಂದ 60 ರೂ. ಕಡಿಮೆಯಾಯಿತು. ಏಪ್ರಿಲ್ ಬಂದರೆ ಕೈಯಲ್ಲಿ ಉಳಿಯುವುದು 370ರ ಆಸುಪಾಸು ಮಾತ್ರ. ಯಾರಾದರೂ ಹಾಸಿಗೆ ಹಿಡಿದರೆ ಈ ಅಂಚು ಸಾಲದು.

ಅದಕ್ಕೇ ಗೃಹಲಕ್ಷ್ಮಿಯ ರೊಕ್ಕವನ್ನು ತಿಂಗಳ ಆದಾಯದಿಂದ ಹೊರಗಿಟ್ಟಿದ್ದಾರೆ. ಅದು ಅತ್ತೆಯ ಖಾತೆಯಲ್ಲೇ ಇರುತ್ತದೆ, ಕಾಳಿಗೆ ಮಾತ್ರ ಹೊರಬರುತ್ತದೆ. ಜನವರಿಯಲ್ಲಿ ಹೊಸ ತೊಗರಿ ಗಂಜ್‌ಗೆ ಬಂದಾಗ ಆರು ತಿಂಗಳ ಬೇಳೆ, 24 ಕೆಜಿ. ಫೆಬ್ರವರಿ–ಮಾರ್ಚ್‌ನಲ್ಲಿ ಹಿಂಗಾರಿ ಬಿಳಿಜೋಳ ಬಂದಾಗ ಒಂದು ಕ್ವಿಂಟಲ್. ಅದೇ ಹೊತ್ತಿಗೆ ವರ್ಷದ ಖಾರಕ್ಕೆ ಮೆಣಸಿನಕಾಯಿ. ಮೂರೂ ಒಂದೇ ತಿಂಗಳಲ್ಲಿ ಬೀಳದಂತೆ ಗುಮಾಸ್ತರೇ ಅಡತಿ ಅಂಗಡಿಯ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿದ್ದಾರೆ. ಎರಡು ದೊಡ್ಡ ತಗಡಿನ ಡಬ್ಬಿಗಳನ್ನು ತೊಳೆದು ಮಾಳಿಗೆಯಲ್ಲಿ ಬೋರಲು ಹಾಕಿದ್ದಾರೆ. ಈ ಸಲ ಮೂರು ಬಿಸಿಲು ಕಂಡ ಮೇಲೆಯೇ ತುಂಬುವುದು.